ಗೋದಲಿಯಲ್ಲಿ ಹುಟ್ಟುವ ಗುಣ: ಹಾಲಿನ ಡಿಗ್ರಿಗೂ ಬಂಡೂರು ಮಾಂಸದ ರುಚಿಗೂ ಕೆಲವು ಸೂಚನೆಗಳು

ಬೇಸಗೆ ಕಾಲಿಟ್ಟಿತೆಂದರೆ ಮಳವಳ್ಳಿ, ಮದ್ದೂರು, ಮಂಡ್ಯ ತಾಲ್ಲೂಕುಗಳ ಹಾಲು ಉತ್ಪಾದಕರ ಸಂಘಗಳ ಬಾಗಿಲಲ್ಲಿ ಪ್ರಾತಃಕಾಲ ಕೇಳಿಬರುವ ದೂರು ಒಂದೇ: "ಇವತ್ತೂ ಡಿಗ್ರಿ ಬರಲಿಲ್ಲ, ಫ್ಯಾಟೂ ಇಳಿದುಹೋಗಿದೆ." ಹಾಲಿಗೆ ನೀರು ಬೆರೆಸಿದ್ದಿಲ್ಲ, ಹಸು ಕಾಯಿಲೆ ಬಿದ್ದಿದ್ದಿಲ್ಲ, ಹಿಂಡಿ ಬೂಸದ ಖರ್ಚಿನಲ್ಲಿ ಒಂದು ಕಾಸೂ ಉಳಿಸಿದ್ದಿಲ್ಲ, ಆದರೂ ಕೈಗೆ ಬಂದ ಚೀಟಿಯಲ್ಲಿ ಅಂಕಿ ಇಳಿದಿದೆ, ಅಂಕಿಯೊಡನೆ ಬೆಲೆಯೂ ಇಳಿದಿದೆ. ಇತ್ತ ಕುರಿ ಸಾಕಿದವರ ಚಿಂತೆಯೇ ಬೇರೆ: ಬಂಡೂರು ಕುರಿಯೆಂದು ಹೆಚ್ಚಿನ ಹಣ ತೆತ್ತು ಕೊಂಡೊಯ್ದವರು ಮರುವಾರ ಬಂದು, ಮಾಂಸ ನಾರುನಾರಾಗಿತ್ತು, ಹಿಂದಿನ ರುಚಿ ಇರಲಿಲ್ಲ ಎಂದು ಹೇಳಿಹೋಗುತ್ತಾರೆ. ಈ ಎರಡು ದೂರುಗಳೂ ಒಂದೇ ಮೂಲದಿಂದ ಹೊರಟವೆಂಬುದನ್ನೂ, ಆ ಮೂಲವು ಡೈರಿಯ ಯಂತ್ರದಲ್ಲಾಗಲಿ ಕಟುಕನ ಕತ್ತಿಯಲ್ಲಾಗಲಿ ಇರದೆ ನಿಮ್ಮ ಕೊಟ್ಟಿಗೆಯ ಗೋದಲಿಯಲ್ಲಿಯೇ ಇದೆಯೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ. ಹಾಲು ಕೆಚ್ಚಲನ್ನು ಬಿಟ್ಟ ಮೇಲೆ ಅದರ ಗುಣವನ್ನು ಕಾಪಾಡಬಹುದೇ ಹೊರತು ಹೆಚ್ಚಿಸಲಾಗದು, ಮಾಂಸವೂ ಅಷ್ಟೇ.

ನಮ್ಮ ಸೀಮೆಯಲ್ಲಿ ಮೇವಿನ ಸ್ವರೂಪ ಬದಲಾದದ್ದು ನಾಲೆ ನೀರಿನೊಂದಿಗೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, 1930ರ ದಶಕದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಕೆಲಸ ಆರಂಭಿಸಿದ ತರುವಾಯ, ರಾಗಿ, ಹುರುಳಿ, ಅವರೆ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು ಮತ್ತು ಭತ್ತ ನೆಲೆಗೊಂಡವು. ರಾಗಿ ಹುಲ್ಲಿನ ಮೆದೆಯ ಜಾಗದಲ್ಲಿ ಭತ್ತದ ಹುಲ್ಲಿನ ಬಣವೆ ಎದ್ದಿತು. ಹುರುಳಿ ಹೊಟ್ಟಿನ ಜಾಗವನ್ನು ಕಬ್ಬಿನ ಸೋಗೆ ಆಕ್ರಮಿಸಿತು. ಕಾಲಾಂತರದಲ್ಲಿ ಗಟ್ಟಿ ಮೈಕಟ್ಟಿನ ಹಳ್ಳಿಕಾರ್ ದನಗಳ ಪಕ್ಕದಲ್ಲಿ ಅಧಿಕ ಹಾಲು ಕೊಡುವ, ಆದರೆ ಅಧಿಕ ಪೋಷಣೆಯನ್ನು ಬೇಡುವ ಮಿಶ್ರತಳಿ ಹಸುಗಳು ಬಂದು ನಿಂತವು. ಬೇಡಿಕೆ ಹೆಚ್ಚಾದ ಹಸುವಿಗೆ ಸತ್ತ್ವ ಕಡಿಮೆಯಾದ ಮೇವು ದೊರೆತದ್ದೇ ನಮ್ಮ ಸಮಸ್ಯೆಯ ಬೀಜ.

ಶಿವನಸಮುದ್ರದ ಬಳಿಯ ಬ್ಲಫ್‌ ಎಂಬಲ್ಲಿ ನಿಂತು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಅಲ್ಲಿನ ವಿದ್ಯುದಾಗಾರದ ನೆರೆಯಲ್ಲಿ ಒಂದು ಕಡೆ ನೀರು ಕಂಡ ಹಸಿರು ಬಯಲು, ಮತ್ತೊಂದು ಕಡೆ ಕುರುಚಲು ಗಿಡಗಳ ಕಲ್ಲುಗುಡ್ಡ. ಬಯಲಿನಲ್ಲಿ ಹಸಿಮೇವು ಹೇರಳ, ಸತ್ತ್ವ ವಿರಳ. ಗುಡ್ಡದಲ್ಲಿ ಸೊಪ್ಪು ವಿರಳ, ಸತ್ತ್ವ ಹೇರಳ. ಇವೆರಡನ್ನೂ ಕೂಡಿಸಿಕೊಳ್ಳಬಲ್ಲ ರೈತನಿಗೆ ಪೇಟೆಯ ಹಿಂಡಿ ಚೀಲದ ಮೇಲಿನ ಅವಲಂಬನೆ ಅರ್ಧಕ್ಕಿಳಿಯುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣವನ್ನು ಮೊದಲು ತಿಳಿಯಿರಿ

ಹಸು ತಿಂದ ಮೇವು ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ, ರುಬ್ಬಿಟ್ಟ ದೋಸೆಹಿಟ್ಟು ರಾತ್ರಿಯೆಲ್ಲ ಹುದುಗುವಂತೆ, ಅಸಂಖ್ಯ ಸೂಕ್ಷ್ಮಜೀವಿಗಳು ಆ ಮೇವನ್ನು ಹುದುಗಿಸುತ್ತವೆ. ನಾರುಳ್ಳ ಮೇವು ಹುದುಗಿದಾಗ ಹುಟ್ಟುವ ಅಸಿಟಿಕ್ ಆಮ್ಲವೇ ಕೆಚ್ಚಲಿಗೆ ಹೋಗಿ ಹಾಲಿನ ಕೊಬ್ಬಾಗಿ ಪರಿಣಮಿಸತಕ್ಕದ್ದು. ಆದುದರಿಂದಲೇ ಫ್ಯಾಟು ಇಳಿಯಿತೆಂದು ಹೆದರಿ, ಹುಲ್ಲನ್ನು ತಗ್ಗಿಸಿ ಹಿಂಡಿಯನ್ನೂ ಅನ್ನದ ಗಂಜಿಯನ್ನೂ ಹೆಚ್ಚಿಸಿದವನಿಗೆ ಫ್ಯಾಟು ಮತ್ತಷ್ಟು ಇಳಿಯುತ್ತದೆ. ಏತಕ್ಕೆಂದರೆ ಪಿಷ್ಟ ಹೆಚ್ಚಾದ ಹೊಟ್ಟೆಯಲ್ಲಿ ಹುಳಿ ಏರಿ, ನಾರನ್ನು ಕರಗಿಸುವ ಜೀವಿಗಳೇ ನಾಶವಾಗುತ್ತವೆ. ಇನ್ನು ಡಿಗ್ರಿ, ಎಂದರೆ ಕೊಬ್ಬನ್ನು ಬಿಟ್ಟು ಉಳಿದ ಘನಾಂಶ, ಅದು ಪ್ರಧಾನವಾಗಿ ಹಾಲಿನ ಪ್ರೋಟೀನು, ಸಕ್ಕರೆ ಮತ್ತು ಲವಣಗಳಿಂದ ಕೂಡಿದ್ದು. ಹಸು ಅರೆಹೊಟ್ಟೆಯಲ್ಲಿದ್ದರೆ ಪ್ರೋಟೀನು ಇಳಿಯುತ್ತದೆ. ಕೆಚ್ಚಲಿನಲ್ಲಿ ಬಾವು ಅಡಗಿದ್ದರೆ ಸಕ್ಕರೆ ಇಳಿಯುತ್ತದೆ. ಹಸುವಿನ ಹಾಲಿಗೆ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಅಳತೆ 3.5 ಕೊಬ್ಬು ಮತ್ತು 8.5 ಘನಾಂಶ, ಇವೆರಡರಲ್ಲಿ ಯಾವುದು ಇಳಿದಿದೆಯೆಂಬುದನ್ನು ಚೀಟಿಯಲ್ಲಿ ನೋಡಿಕೊಂಡ ಮೇಲೆಯೇ ಪರಿಹಾರಕ್ಕೆ ಕೈಹಾಕುವುದು ವಿವೇಕ.

ಮೇವಿನ ಕ್ರಮ

1. ಸೋಗೆಯನ್ನು ಹಸಿಮೇವಿನ ಅರ್ಧಕ್ಕಿಂತ ಹೆಚ್ಚಾಗಿ ಹಾಕಬೇಡಿ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಸೋಗೆ ಪುಕ್ಕಟೆ ದೊರೆಯುತ್ತದೆಂಬ ಕಾರಣದಿಂದ ಅದನ್ನೇ ಹೊತ್ತುಹೊತ್ತಿಗೆ ಹಾಕುವ ಮನೆಗಳು ಬಹಳ. ಸೋಗೆಯಲ್ಲಿ ಪ್ರೋಟೀನು ಅತ್ಯಲ್ಪ. ಅದಲ್ಲದೆ ಸೋಗೆಯಲ್ಲಿಯೂ ಭತ್ತದ ಹುಲ್ಲಿನಲ್ಲಿಯೂ ಆಕ್ಸಲೇಟ್ ಎಂಬ ಅಂಶವಿದ್ದು, ಅದು ಮೇವಿನಲ್ಲಿನ ಸುಣ್ಣದಂಶವನ್ನು ಕಟ್ಟಿಹಾಕಿ ಸೆಗಣಿಯೊಡನೆ ಹೊರಗೆ ಕಳುಹಿಸುತ್ತದೆ. ಕರು ಹಾಕಿದ ದಿನವೇ ನೆಲ ಹಿಡಿದು ಏಳಲಾರದ ಹಸುಗಳನ್ನೂ, ವರ್ಷ ಕಳೆದರೂ ಬೆದೆಗೆ ಬಾರದ ಹಸುಗಳನ್ನೂ ಕಂಡಾಗ, ಅವುಗಳ ಗೋದಲಿಯಲ್ಲಿ ಸೋಗೆಯಲ್ಲದೆ ಬೇರೇನಾದರೂ ಇತ್ತೇ ಎಂದು ಮೊದಲು ಕೇಳಿರಿ. ಉಳಿದ ಅರ್ಧಕ್ಕೆ ಸೀಮೆಹುಲ್ಲು, ಮುಸುಕಿನ ಜೋಳ, ಅಲಸಂದೆ ಇರಲಿ. ಬದುವಿನ ಮೇಲೆ ಸಾಲಾಗಿ ಅಗಸೆ, ಹಾಲುವಾಣ, ಗೊಬ್ಬರದ ಗಿಡಗಳನ್ನು ನೆಟ್ಟರೆ ಪ್ರೋಟೀನಿನ ಕೊರತೆಯನ್ನು ತುಂಬುವ ಹಿಂಡಿ ಮರದಲ್ಲಿಯೇ ಬೆಳೆದಂತಾಗುತ್ತದೆ.

2. ಖನಿಜ ಮಿಶ್ರಣವನ್ನು ಒಂದು ದಿನವೂ ತಪ್ಪಿಸದೆ, ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂನಂತೆ ಹಿಂಡಿಯಲ್ಲಿ ಕಲಸಿ ಕೊಡಿ. ಒಂದು ಹಿಡಿ ಉಪ್ಪೂ ಇರಲಿ. ಮೇಲೆ ಹೇಳಿದ ಸುಣ್ಣದಂಶದ ನಷ್ಟಕ್ಕೆ ಇದಕ್ಕಿಂತ ಅಗ್ಗವಾದ ಮದ್ದಿಲ್ಲ.

3. ಹಿಂಡಿಯನ್ನು ಅಳೆದು ಹಾಕಿ. ಹಸುವಿನ ದೇಹಪೋಷಣೆಗಾಗಿ 1ರಿಂದ 1.5 ಕೆ.ಜಿ., ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಪಶು ಆಹಾರ ಸಾಕು. ಆದರೆ ಒಂದೇ ಸಲಕ್ಕೆ ಸುರಿಯದೆ ಎರಡು ಮೂರು ಹೊತ್ತಿಗೆ ಹಂಚಿ, ಒಣಹುಲ್ಲು ಸ್ವಲ್ಪ ತಿಂದ ಮೇಲೆ ಕೊಡತಕ್ಕದ್ದು. ಹುಲ್ಲನ್ನು ಒಂದೆರಡು ಅಂಗುಲದ ತುಂಡುಗಳಾಗಿ ಕತ್ತರಿಸಿದರೆ ಉಳಿಕೆ ಕಡಿಮೆಯಾಗುತ್ತದೆ. ನುಣ್ಣಗೆ ಪುಡಿಮಾಡಿದರೆ ಮಾತ್ರ ಹಸು ಮೆಲುಕು ಹಾಕುವುದನ್ನೇ ತಗ್ಗಿಸಿ, ಹುಳಿಯನ್ನು ತಣಿಸುವ ಜೊಲ್ಲು ಹೊಟ್ಟೆಗಿಳಿಯದೆ ಫ್ಯಾಟು ಬೀಳುತ್ತದೆ.

4. ಭತ್ತದ ಹುಲ್ಲೊಂದೇ ಗತಿಯಾದ ಮನೆಯವರು ಅದನ್ನು ಯೂರಿಯಾದಿಂದ ಉಪಚರಿಸಿ ಮೃದುಗೊಳಿಸಬಹುದು. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಹುಲ್ಲನ್ನು ಪದರಪದರವಾಗಿ ಹರಡಿ, ಪ್ರತಿ ಪದರದ ಮೇಲೂ ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ 21 ದಿನ ಬಿಡಿ. ಒಳಗೆ ಹುಟ್ಟುವ ಅಮೋನಿಯಾ ಹುಲ್ಲಿನ ಗಡಸು ನಾರನ್ನು ಸಡಿಲಿಸುತ್ತದೆ. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಗಾಳಿಗೆ ಹರಡಿ ಆಮೇಲೆ ಹಾಕಿ. ಯೂರಿಯಾದ ಪ್ರಮಾಣವನ್ನು ಎಂದಿಗೂ ಹೆಚ್ಚಿಸಬೇಡಿ, ಯೂರಿಯಾ ಕರಗಿಸಿದ ನೀರನ್ನು ದನ ಕುಡಿಯುವಂತೆ ಎಲ್ಲಿಯೂ ಬಿಡಬೇಡಿ, ಆರು ತಿಂಗಳಿಗಿಂತ ಚಿಕ್ಕ ಕರುಗಳಿಗೆ ಈ ಹುಲ್ಲು ಸರ್ವಥಾ ಬೇಡ.

5. ನೀರು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಆಗಿರುವಾಗ, ಬೆಳಿಗ್ಗೆ ಒಂದು ಬಾನಿ, ಸಂಜೆ ಒಂದು ಬಾನಿ ಎಂಬ ಲೆಕ್ಕ ಬೇಸಗೆಯಲ್ಲಿ ಅನ್ಯಾಯ. ದಿನವಿಡೀ ಹಸುವಿನ ಬಾಯಿಗೆ ಎಟಕುವ ತೊಟ್ಟಿಯಲ್ಲಿ ನೀರಿರಲಿ. ಮಧ್ಯಾಹ್ನದ ಬಿಸಿಲಿಗೆ ಏದುಸಿರು ಬಿಡುವ ಮಿಶ್ರತಳಿ ಹಸು ಮೇವನ್ನು ಮುಟ್ಟದು. ಅದಕ್ಕೆ ನೆರಳಿನಲ್ಲಿ ಮೈಗೆ ನೀರು ಎರಚಿ, ದಿನದ ಮುಖ್ಯ ಮೇವನ್ನು ಮುಂಜಾನೆ ಮತ್ತು ರಾತ್ರಿ ಹಾಕಿದರೆ ಬೇಸಗೆಯ ಡಿಗ್ರಿಯ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಹಿಂಡುವ ವೇಳೆಯಲ್ಲಿ

ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕಡೆಯ ಹಾಲು ಕೊಬ್ಬಿನಿಂದ ಗಟ್ಟಿ. ಮೊದಲ ಧಾರೆಯಲ್ಲಿ ನೂರಕ್ಕೆ ಒಂದೆರಡು ಪಾಲು ಕೊಬ್ಬಿದ್ದರೆ ಕಡೆಯ ಧಾರೆಯಲ್ಲಿ ಅದರ ಹಲವು ಪಟ್ಟು ಇರುತ್ತದೆ. ಅವಸರದಲ್ಲಿ ಅರೆಬರೆ ಹಿಂಡಿ ಎದ್ದವನು ತನ್ನ ಫ್ಯಾಟನ್ನು ಕೆಚ್ಚಲಿನಲ್ಲಿಯೇ ಬಿಟ್ಟು ಡೈರಿಗೆ ಹೋಗುತ್ತಾನೆ. ಆದುದರಿಂದ ಕೆಚ್ಚಲನ್ನು ತೊಳೆದು ಒರೆಸಿದೊಡನೆ ಕೈಹಚ್ಚಿ, ಏಳೆಂಟು ನಿಮಿಷಗಳಲ್ಲಿ ಸಂಪೂರ್ಣವಾಗಿ ಹಿಂಡಿ ಮುಗಿಸಿರಿ. ತೊಳೆದ ಸ್ಪರ್ಶಕ್ಕೆ ಹಸು ಹಾಲು ಸೊರೆಬಿಡುವ ಅವಧಿ ಅಷ್ಟೇ. ಬೆಳಿಗ್ಗೆ ಸಂಜೆಗಳ ನಡುವಣ ಅಂತರ ಸಮನಾಗಿರಲಿ. ಬೈಗುಳ, ಬಡಿತ, ಅಪರಿಚಿತರ ಗದ್ದಲ ಇವುಗಳಿಂದ ಬೆದರಿದ ಹಸು ಸೊರೆಯನ್ನು ತಡೆಹಿಡಿಯುತ್ತದೆ. ಇದಕ್ಕೆ ಪ್ರತಿಯಾಗಿ ಸೂಜಿಮದ್ದು ಚುಚ್ಚಿ ಸೊರೆ ಬಿಡಿಸುವ ದುರಭ್ಯಾಸ ಕೆಲವೆಡೆ ಕಾಲಿಟ್ಟಿದೆ. ಅದನ್ನು ಯಾರೂ ಅನುಸರಿಸಕೂಡದು.

ನಮ್ಮ ಕಡೆ ಹೆಬ್ಬೆರಳನ್ನು ಒಳಗೆ ಮಡಚಿ, ಅದರ ಗಿಣ್ಣಿಗೆ ಮೊಲೆಯನ್ನು ಒತ್ತಿ ಎಳೆಯುವ ರೂಢಿ ವ್ಯಾಪಕ. ಇದರಿಂದ ಮೊಲೆಯ ಒಳಪೊರೆ ದಿನದಿನವೂ ಜಜ್ಜಿ, ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಐದು ಬೆರಳುಗಳಿಂದ ಮುಷ್ಟಿ ಹಿಡಿದು, ಮೇಲಿಂದ ಕೆಳಗೆ ಒಂದೊಂದೇ ಬೆರಳನ್ನು ಬಿಗಿಗೊಳಿಸುತ್ತ ಹಿಂಡುವುದೇ ಸರಿಯಾದ ಕ್ರಮ. ಮೊದಲ ಎರಡು ಮೂರು ಧಾರೆಗಳನ್ನು ಪಾತ್ರೆಗೆ ಬಿಡದೆ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿ: ಗರಣೆಯೋ ಎಳೆಯೋ ಕಂಡರೆ ಬಾವು ಆರಂಭವಾಗಿದೆ. ಕಣ್ಣಿಗೆ ಕಾಣದ ಬಾವನ್ನು ಹಿಡಿಯಲು, 100 ಮಿಲಿ ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ, ಒಂದೊಂದು ಮೊಲೆಯ ಹಾಲನ್ನೂ ಪ್ರತ್ಯೇಕವಾಗಿ ಸಮಪ್ರಮಾಣದಲ್ಲಿ ಬೆರೆಸಿ ತಟ್ಟೆಯಲ್ಲಿ ತಿರುಗಿಸಿರಿ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯ ಹಾಲನ್ನು ಬೇರೆ ಇಟ್ಟು ಪಶುವೈದ್ಯರನ್ನು ಕರೆಯಿರಿ. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿದರೂ ಸಾಕು.

ಹಿಂಡಿದ ಮೇಲೆ ಮೊಲೆಯ ರಂಧ್ರ ಸುಮಾರು ಅರ್ಧ ಗಂಟೆ ತೆರೆದಿರುತ್ತದೆ. ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸು ಕೂಡಲೇ ಸೆಗಣಿ ಗಂಜಲದ ಮೇಲೆ ಮಲಗದಂತೆ ಗೋದಲಿಗೆ ಆಗ ಹಸಿಹುಲ್ಲು ಹಾಕಿರಿ. ಹೊರಬರುವ ಹಾಲು ಮೈಬಿಸಿಯಷ್ಟೇ ಬೆಚ್ಚಗಿದ್ದು, ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು; ಆದುದರಿಂದ ಹಿಂಡಿದ ಹಾಲು ಎರಡು ಗಂಟೆಯೊಳಗಾಗಿ ಸಂಘವನ್ನು, ಅಲ್ಲಿಂದ 4 ಡಿಗ್ರಿ ಸೆಲ್ಸಿಯಸ್‌ನ ಶೀತಲ ಘಟಕವನ್ನು ಸೇರತಕ್ಕದ್ದು. ಗೆಜ್ಜಲಗೆರೆಯ ಡೈರಿಯಲ್ಲಿ ಎಷ್ಟೇ ಉತ್ತಮ ಯಂತ್ರವಿದ್ದರೂ, ಹಳ್ಳಿಯ ಜಗುಲಿಯ ಮೇಲೆ ಬಿಸಿಲಿನಲ್ಲಿ ಕಾದ ಕ್ಯಾನಿನ ಹಾಲನ್ನು ಅದು ಮೊದಲಿನಂತೆ ಮಾಡಲಾರದು. ಪಾತ್ರೆ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ ಇರಲಿ. ಬಾಯಿ ಕಿರಿದಾದ ಪ್ಲಾಸ್ಟಿಕ್ ಕ್ಯಾನಿನ ಮೂಲೆಗಳಿಗೆ ಕೈ ಹೋಗುವುದಿಲ್ಲ, ತಾಮ್ರ ಹಿತ್ತಾಳೆಗಳು ಹಾಲಿನ ಕೊಬ್ಬನ್ನು ಕೆಡಿಸುತ್ತವೆ.

ಎಚ್ಚರಿಕೆಗಳು

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮಳೆಯಲ್ಲಿ ನೆನೆದು ಕಪ್ಪಾದ ಹುಲ್ಲು ಇವುಗಳನ್ನು, ದನವೇ ತಾನೆ, ತಿನ್ನಲಿ ಎಂದು ಹಾಕುವುದುಂಟು. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಒಂದೆರಡು ದಿನಗಳಲ್ಲಿಯೇ ಹಾಲಿಗೆ ಇಳಿಯುತ್ತದೆ, ಕುದಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ 0.5 ಮೈಕ್ರೋಗ್ರಾಂ ಮೀರಕೂಡದೆಂದು ನಮ್ಮ ದೇಶದ ಆಹಾರ ನಿಯಮ ವಿಧಿಸಿರುವುದರಿಂದಲೇ ಅದರ ತೀವ್ರತೆಯನ್ನು ಊಹಿಸಬಹುದು. ಆ ಹಾಲನ್ನು ಕುಡಿಯುವವರಲ್ಲಿ ನಿಮ್ಮ ಮನೆಯ ಕೂಸೂ ಒಂದು.

ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಡಿಸಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ. ಒಬ್ಬರ ಕ್ಯಾನಿನಿಂದ ಇಡೀ ಊರಿನ ಹಾಲು ಕೆಟ್ಟೀತು. ಕಾಂಗ್ರೆಸ್ ಗಿಡ ತಿಂದ ಹಸುವಿನ ಹಾಲು ಕಹಿಯಾಗುತ್ತದೆಂಬುದನ್ನು ಬಲ್ಲವರು ಬಹಳ. ಆದರೂ ಬದುವಿನ ಹುಲ್ಲು ಕೊಯ್ಯುವಾಗ ಅದನ್ನು ಆರಿಸಿ ತೆಗೆಯುವವರು ಕಡಿಮೆ. ಗಬ್ಬದ ಹಸುವನ್ನು ಕರು ಹಾಕುವ ಎರಡು ತಿಂಗಳ ಮೊದಲೇ ಹಿಂಡುವುದನ್ನು ನಿಲ್ಲಿಸಿರಿ: ಆ ವಿರಾಮವಿಲ್ಲದ ಕೆಚ್ಚಲು ಮುಂದಿನ ಸೂಲಿನಲ್ಲಿ ಪೂರ್ಣ ಹಾಲು ಕೊಡದು.

ಬಂಡೂರು ಕುರಿ

ಇನ್ನು ಮಾಂಸದ ವಿಷಯ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ಹೊತ್ತ ಈ ಕುರಿಯನ್ನು ಬನ್ನೂರು ಕುರಿ, ಮಂಡ್ಯ ಕುರಿ ಎಂದೂ ಕರೆಯುವರು. ಗಿಡ್ಡ ಕಾಲು, ಅಗಲವಾದ ಬೆನ್ನು, ತುಂಬಿದ ತೊಡೆ. ಹಿಂದಿನಿಂದ ನೋಡಿದರೆ ಎರಡು ತೊಡೆಗಳ ಒಳಗೆರೆ ತಲೆಕೆಳಗಾದ ಲಾಳದಾಕಾರವಾಗಿ ಕಾಣುತ್ತದೆ. ಬಿಳಿಯ ಮೈ, ಕೆಲವದರ ಮುಖದಲ್ಲಿ ಕಂದು ಛಾಯೆ. ಮರಿ ಕೊಳ್ಳುವವನು ಸಂತೆಯಲ್ಲಿ ಅದರ ಹಿಂದೆ ನಿಂತು, ಬೆನ್ನೆಲುಬಿನ ಎರಡು ಪಕ್ಕಕ್ಕೂ ಹೆಬ್ಬೆರಳು ಒತ್ತಿ ನೋಡುವುದು ಬರಿಯ ಸಂಪ್ರದಾಯವಲ್ಲ: ಅಲ್ಲಿ ಎಲುಬು ಕೈಗೆ ಚುಚ್ಚಿದರೆ ಮರಿ ಬಡಕಲು, ಎಲುಬು ಮಾಂಸದ ಅಡಿಯಲ್ಲಿ ಮೊಂಡಾಗಿ ತಿಳಿದರೆ ಪಕ್ವ. ಬಂಡೂರು ಮಾಂಸದ ಖ್ಯಾತಿಗೆ ಕಾರಣ, ಸಣ್ಣ ಮೈಯಲ್ಲಿ ಬೇಗ ತುಂಬಿಕೊಳ್ಳುವ ಮಾಂಸ ಮತ್ತು ಎಳೆಎಳೆಗಳ ನಡುವೆ ಹರಡಿಕೊಳ್ಳುವ ಕೊಬ್ಬು. ತೂಕದ ಆಸೆಗೆ ದೊಡ್ಡ ಜಾತಿಯ ಟಗರನ್ನು ತಂದು ದಾಟಿಸಿದವನಿಗೆ ತಕ್ಕಡಿಯಲ್ಲಿ ನಾಲ್ಕು ಕಿಲೋ ಹೆಚ್ಚು ಬರಬಹುದು, ಆದರೆ ಯಾವ ಗುಣಕ್ಕಾಗಿ ಜನ ಹೆಚ್ಚು ಬೆಲೆ ಕೊಡುತ್ತಿದ್ದರೋ ಆ ಗುಣ ಎರಡು ಪೀಳಿಗೆಯಲ್ಲಿ ಮಾಯವಾಗುತ್ತದೆ. ಶುದ್ಧ ಟಗರು ಬೇಕಾದವರು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿರುವ ಸರ್ಕಾರಿ ಬಂಡೂರು ಕುರಿ ಸಂವರ್ಧನಾ ಕೇಂದ್ರದಲ್ಲಿ ವಿಚಾರಿಸುವುದು ಲೇಸು. ಇಪ್ಪತ್ತೈದು ಮೂವತ್ತು ಕುರಿಗಳಿಗೆ ಒಂದು ಟಗರಿದ್ದು, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿದರೆ ರಕ್ತಸಂಬಂಧದ ದೋಷ ತಲೆದೋರದು.

1. ಹುಟ್ಟಿದ ಮರಿಗೆ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿರಿ. ಗಿಣ್ಣಿನ ರೋಗನಿರೋಧಕ ಅಂಶಗಳನ್ನು ಹೀರುವ ಶಕ್ತಿ ಮರಿಯ ಕರುಳಿಗೆ ಮೊದಲ ದಿನ ಮಾತ್ರ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಹಿಂದೆ ಬಿದ್ದ ಮರಿ ಆಮೇಲೆ ತಿಂದು ಕೊಬ್ಬಿದರೂ ಅದರ ಮಾಂಸ ಎಳೆತನದ ರುಚಿಯನ್ನು ಪಡೆಯದು.

2. ನಾಲೆಯ ಏರಿ, ಗದ್ದೆಯ ಬದು, ಕೆರೆಯಂಗಳ ಇಲ್ಲಿ ಇಬ್ಬನಿ ಆರುವ ಮುನ್ನ ಮೇಯಿಸಬೇಡಿ. ನೀರಿನ ಬಸವನಹುಳುವಿನಿಂದ ಹೊರಬಂದ ಚಪ್ಪಟೆಹುಳುವಿನ ಮರಿಗಳು ಅಂಚಿನ ಹುಲ್ಲಿಗೆ ಅಂಟಿಕೊಂಡು, ಕುರಿಯ ಹೊಟ್ಟೆ ಸೇರಿ, ಈಲಿಯನ್ನು ಕೊರೆಯುತ್ತವೆ. ನೀರಾವರಿ ಸೀಮೆಯ ಕುರಿ ಎಷ್ಟು ಮೇಯಿಸಿದರೂ ಗದ್ದದಡಿ ನೀರು ತುಂಬಿ ಸೊರಗುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಬ್ಲಫ್‌ನಂತೆ ಗುಡ್ಡವಿರುವೆಡೆ ಬೆಳಗಿನ ಮೇವು ಗುಡ್ಡದಲ್ಲಿಯೂ ಮಧ್ಯಾಹ್ನದ ಮೇವು ಬಯಲಿನಲ್ಲಿಯೂ ಆಗುವಂತೆ ಕ್ರಮವನ್ನು ತಿರುಗಿಸಿಕೊಳ್ಳಿ. ಮಳೆಗಾಲದ ಮೊದಲೂ ನಂತರವೂ, ಹಿಕ್ಕೆ ಪರೀಕ್ಷೆ ಮಾಡಿಸಿ, ಜಂತುಹುಳುವಿನ ಔಷಧವನ್ನು ತೂಕಕ್ಕೆ ತಕ್ಕಂತೆ ಕುಡಿಸಿರಿ.

3. ಮುಂಗಾರಿನ ಎಳೆಹುಲ್ಲು ಚಿಗುರುವ ಮೊದಲೇ ಕರುಳುಬೇನೆಯ ಲಸಿಕೆ ಹಾಕಿಸಿರಿ. ಒಣಮೇವಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೆ ರಸಭರಿತ ಹುಲ್ಲು ಬಿದ್ದಾಗ, ಪುಷ್ಟವಾದ ಮರಿಗಳೇ ರಾತ್ರೋರಾತ್ರಿ ಸಾಯುವುದು ಈ ಬೇನೆಯಿಂದ.

4. ಮಾರುವುದಕ್ಕೆ ಎರಡು ಮೂರು ತಿಂಗಳ ಮೊದಲು, ಮೇಯುವುದರ ಜೊತೆಗೆ ದಿನಕ್ಕೆ 200ರಿಂದ 250 ಗ್ರಾಂ ಹುರುಳಿ ನುಚ್ಚು, ಮುಸುಕಿನ ಜೋಳ, ಹಿಂಡಿಗಳ ಮಿಶ್ರಣವನ್ನೂ ಅಗಸೆ ಸೊಪ್ಪನ್ನೂ ಕ್ರಮಕ್ರಮವಾಗಿ ಅಭ್ಯಾಸ ಮಾಡಿಸಿರಿ. ಬೂಸ ಒಂದನ್ನೇ ಹಾಕಿ ಕೊಬ್ಬಿಸಹೊರಟರೆ ಬೀಜ ಒಡೆದ ಟಗರುಗಳಲ್ಲಿ ಮೂತ್ರ ಕಟ್ಟುವ ಕಲ್ಲು ಬೆಳೆಯುತ್ತದೆ. ಉಪ್ಪು ಮತ್ತು ಧಾರಾಳ ನೀರು ಅದನ್ನು ತಡೆಯುತ್ತವೆ. ಆರರಿಂದ ಹತ್ತು ತಿಂಗಳ ಮರಿಯ ಮಾಂಸ ಮೃದು; ವಯಸ್ಸು ಹೆಚ್ಚಿದಂತೆ ಮಾಂಸದ ಎಳೆಗಳನ್ನು ಕಟ್ಟಿದ ಪೊರೆ ಗಡುಸಾಗಿ, ಎಷ್ಟು ಬೇಯಿಸಿದರೂ ಸುಲಭವಾಗಿ ಕರಗದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದು ವರ್ಷದ ಪಾಲನೆಯ ಫಲವನ್ನು ಕಡೆಯ ಒಂದು ದಿನದಲ್ಲಿ ಹಾಳುಮಾಡುವುದು ತಪ್ಪುಗಳಲ್ಲೆಲ್ಲ ದೊಡ್ಡದು. ಕಾಲು ಕಟ್ಟಿ ಬೈಕಿನ ಹಿಂದೆ ತಲೆಕೆಳಗಾಗಿ ನೇತುಹಾಕಿದ, ಉಣ್ಣೆ ಹಿಡಿದು ಎತ್ತಿದ, ಕೋಲಿನಿಂದ ಬಡಿದು ಗೂಡ್ಸ್ ವಾಹನಕ್ಕೆ ತುಂಬಿದ ಕುರಿಯ ತೊಡೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಮಿಗಿಲಾದ ಹಾನಿ ಕಣ್ಣಿಗೆ ಕಾಣುವುದಿಲ್ಲ: ಮಾಂಸಖಂಡದಲ್ಲಿ ಸಂಚಿತವಾದ ಗ್ಲೈಕೋಜನ್ ಎಂಬ ಸಕ್ಕರೆಯಂಶವು ಕುರಿ ಕೊಯ್ದ ಮೇಲೆ ಲ್ಯಾಕ್ಟಿಕ್ ಆಮ್ಲವಾಗಿ, ಮಾಂಸದ ಪಿಎಚ್ ಅನ್ನು 7ರ ಆಸುಪಾಸಿನಿಂದ 5.6ರ ಸಮೀಪಕ್ಕೆ ಇಳಿಸಬೇಕು. ಮಾಂಸದ ಬಣ್ಣ, ಮೃದುತ್ವ, ಬಾಳಿಕೆ ಎಲ್ಲವೂ ಈ ಹುಳಿಯ ಮೇಲೆ ನಿಂತಿವೆ. ಭಯದಿಂದ, ಓಡಾಟದಿಂದ, ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತ ಬಳಲಿಕೆಯಿಂದ ಆ ಸಂಚಯ ಮೊದಲೇ ತೀರಿದ್ದರೆ, ಕಪ್ಪೇರಿ ಒಣಗಿದಂತಿರುವ ಮಾಂಸ ಸಂಜೆಯೊಳಗೆ ವಾಸನೆ ಹಿಡಿಯುತ್ತದೆ. ಹಿಂದಿನ ದಿನವೇ ಸಾವಧಾನವಾಗಿ ಸಾಗಿಸಿ, ನೆರಳಿನಲ್ಲಿ ತನ್ನ ಗುಂಪಿನೊಡನೆ ವಿರಮಿಸಲು ಬಿಟ್ಟು, ಸುಮಾರು ಹನ್ನೆರಡು ಗಂಟೆ ಮೇವು ನಿಲ್ಲಿಸಿದರೂ ನೀರನ್ನು ಮಾತ್ರ ನಿಲ್ಲಿಸದೆ ಇರುವುದು ಸರಿಯಾದ ವಿಧಾನ. ಪ್ರಾಣಿಯ ಮೇಲೆ ತೋರಬೇಕಾದ ಕರುಣೆಯೂ ಇಲ್ಲಿ ಇದೇ ಆಗಿದೆ.

ಎರಡನೆಯ ತಪ್ಪು, ಜಂತುಹುಳುವಿನ ಔಷಧ ಕುಡಿಸಿದ ವಾರದಲ್ಲಿಯೇ ಕುರಿಯನ್ನು ಮಾರುವುದು. ಕೆಲವು ಔಷಧಗಳು ಮಾಂಸದಲ್ಲಿ ವಾರಗಟ್ಟಲೆ ಉಳಿಯುತ್ತವೆ; ಎಷ್ಟು ದಿನ ಕಾಯಬೇಕೆಂಬುದನ್ನು ಬಾಟಲಿಯ ಚೀಟಿಯಲ್ಲಿ ಓದಿ, ಮಾರುವ ದಿನವನ್ನು ಗೊತ್ತುಮಾಡಿಕೊಳ್ಳಿ.

ಮೂರನೆಯದು, ಮೇವನ್ನು ಒಂದೇ ದಿನದಲ್ಲಿ ಬದಲಿಸುವುದು. ಕಬ್ಬು ಮುಗಿದ ಮರುದಿನ ಸೋಗೆ ನಿಂತು ಬರಿಯ ಒಣಹುಲ್ಲಾದರೆ, ದೊಡ್ಡ ಹೊಟ್ಟೆಯ ಜೀವಿಗಳು ಹೊಸ ಮೇವಿಗೆ ಒಗ್ಗಲು ಎರಡು ವಾರ ಬೇಕಾಗುತ್ತದೆ. ಆ ಎರಡು ವಾರವೂ ಹಾಲಿನ ಚೀಟಿ ಬಡವಾಗಿಯೇ ಇರುತ್ತದೆ. ಹಳೆಯದನ್ನು ಕಾಲುಕಾಲು ಪಾಲಾಗಿ ತಗ್ಗಿಸುತ್ತ ಹೊಸದನ್ನು ಏರಿಸಿರಿ.

ಕಡೆಯದಾಗಿ, ಡೈರಿಯ ಚೀಟಿಗಳನ್ನು ಎಸೆಯಬೇಡಿ. ಒಂದು ನೋಟ್‌ಪುಸ್ತಕದಲ್ಲಿ ದಿನದ ಲೀಟರು, ಫ್ಯಾಟು, ಡಿಗ್ರಿಗಳ ಎದುರಿಗೆ ಅಂದಿನ ಮೇವನ್ನೂ ಬರೆದಿಡುತ್ತ ಹೋದರೆ, ಒಂದು ತಿಂಗಳೊಳಗೆ ಯಾವ ಅಂಕಿ ಯಾವ ಮೇವಿನಿಂದ ಇಳಿಯಿತೆಂಬುದು ನಿಮಗೇ ತಿಳಿಯುತ್ತದೆ. ಮೇವು ಬದಲಾಗದೆಯೂ ಎರಡು ಮೂರು ದಿನ ಸತತವಾಗಿ ಡಿಗ್ರಿ ಇಳಿದಿದ್ದರೆ ಅದು ಕೆಚ್ಚಲಿನ ತೊಂದರೆಯೆಂದು ಭಾವಿಸಿ, ಸೋಪಿನ ಪರೀಕ್ಷೆ ಮಾಡಿ, ಹತ್ತಿರದ ಪಶು ಆಸ್ಪತ್ರೆಗೆ ಅದೇ ಪುಸ್ತಕವನ್ನು ಜೊತೆಗೆ ಕೊಂಡುಹೋಗಿರಿ. ಹಸುವನ್ನು ನಡೆಸಿಕೊಂಡು ಹೋಗಲಾಗದಿದ್ದರೆ 1962ಕ್ಕೆ ಕರೆಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ.